ಅಪ್ಪನ ಜಮೀನಿನಲ್ಲಿ ಯಾರಿಗೆ ಎಷ್ಟು ಪಾಲು? ಫಾರ್ವರ್ಡ್ ಹೇಳುವುದೇನು, ಕಾನೂನು ಹೇಳುವುದೇನು?

ಮನೆಯ ಹಿರಿಯರು ತೀರಿಕೊಂಡು ತಿಥಿ ಮುಗಿಯುವಷ್ಟರಲ್ಲಿ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಯಾರಾದರೂ ಒಂದು ಸಂದೇಶ ಹಾಕುತ್ತಾರೆ. "ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು: ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನ ಆಸ್ತಿಯಲ್ಲಿ ಹಕ್ಕಿಲ್ಲ." ಇನ್ನೊಬ್ಬರು ಅದಕ್ಕೆ ವಿರುದ್ಧವಾದದ್ದನ್ನು ಹಾಕುತ್ತಾರೆ. ಮೂರನೆಯವರು "ಪಹಣಿ ಯಾರ ಹೆಸರಿನಲ್ಲಿದೆಯೋ ಜಮೀನು ಅವರದೇ" ಎಂದು ಬರೆಯುತ್ತಾರೆ. ಈ ಗಲಾಟೆಯ ನಡುವೆ ಅಕ್ಕನೋ ತಂಗಿಯೋ ಛಾಪಾ ಕಾಗದದ ಮೇಲೆ ಸಹಿ ಹಾಕಿ ಊರಿಗೆ ಹೊರಟಿರುತ್ತಾಳೆ.

ಇಂಥ ಸಂದೇಶಗಳನ್ನು ಒಂದೊಂದಾಗಿ ನೋಡಿದಾಗ ನಮಗೆ ಕಂಡದ್ದೇನೆಂದರೆ, ಇವುಗಳಲ್ಲಿ ಹಲವು ಪೂರ್ತಿ ಕಟ್ಟುಕಥೆಗಳಲ್ಲ. ಒಂದು ಕಾಲಕ್ಕೆ ನಿಜವಾಗಿದ್ದು ಈಗ ಬದಲಾಗಿರುವ ಮಾತುಗಳು. ಸಂದೇಶದಲ್ಲಿ ತೀರ್ಪಿನ ವರ್ಷ ಇರುವುದಿಲ್ಲ, ಹಾಗಾಗಿ ಹಳೆಯದೂ ಹೊಸದರಂತೆ ಓಡಾಡುತ್ತದೆ. ಕರ್ನಾಟಕದ ಕೃಷಿ ಜಮೀನನ್ನು ಮುಂದಿಟ್ಟುಕೊಂಡು, ಸದ್ಯದ ಕಾನೂನು ಏನು ಹೇಳುತ್ತದೆ ಎಂದು ಇಲ್ಲಿ ವಿವರಿಸಿದ್ದೇವೆ.

ಚುಟುಕಾಗಿ ಹೇಳುವುದಾದರೆ

ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ತಂದೆಯ ತಾಯಿ, ಇವರೆಲ್ಲರಿಗೂ ಸಮ ಪಾಲು. ಮಗಳಿಗೆ ಮದುವೆಯಾಗಿದೆಯೋ ಇಲ್ಲವೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ. ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರೂ ಇದೇ ಕಾಯ್ದೆಯೊಳಗೆ ಬರುತ್ತಾರೆ.

ಮೊದಲ ಪ್ರಶ್ನೆ: ಜಮೀನು ಅಪ್ಪನಿಗೆ ಬಂದದ್ದು ಹೇಗೆ?

ಪಾಲು ಎಷ್ಟು ಎಂದು ಕೇಳುವ ಮೊದಲು ಇದನ್ನು ಕೇಳಬೇಕು. ಅಪ್ಪ ತನ್ನ ದುಡ್ಡಿನಲ್ಲಿ ಕೊಂಡದ್ದು ಅಥವಾ ದಾನವಾಗಿ ಪಡೆದದ್ದು ಸಾಮಾನ್ಯವಾಗಿ ಸ್ವಯಾರ್ಜಿತ. ತಲೆಮಾರುಗಳಿಂದ ಕೂಡು ಕುಟುಂಬದಲ್ಲಿ ಭಾಗವಾಗದೆ ಉಳಿದು ಬಂದದ್ದು ಪಿತ್ರಾರ್ಜಿತ. "ತಾತನಿಂದ ಬಂದದ್ದೆಲ್ಲ ಪಿತ್ರಾರ್ಜಿತ" ಎಂಬುದು ಪೂರ್ತಿ ಸರಿಯಲ್ಲ. 1956ರ ನಂತರ ತಾತ ತನ್ನ ಸ್ವಂತ ಆಸ್ತಿಗೆ ಉಯಿಲು ಬರೆಯದೆ ತೀರಿಕೊಂಡು, ಅದು ವಾರಸುದಾರಿಕೆಯಿಂದ ಅಪ್ಪನಿಗೆ ಬಂದಿದ್ದರೆ, ಅಪ್ಪನ ಕೈಯಲ್ಲಿ ಅದು ಸ್ವಂತ ಆಸ್ತಿಯೇ. ಆದ್ದರಿಂದ ಹಳೆಯ ಪಹಣಿ, ಮ್ಯುಟೇಶನ್ ಪ್ರತಿ, ಕ್ರಯಪತ್ರ ನೋಡದೆ ಯಾರೂ ಲೆಕ್ಕ ಹೇಳಲಾರರು, ಫಾರ್ವರ್ಡ್ ಬರೆದವರಂತೂ ಸಾಧ್ಯವೇ ಇಲ್ಲ.

ಸ್ವಂತ ಆಸ್ತಿಯ ಲೆಕ್ಕ

ಒಂದು ಉದಾಹರಣೆ. ಅಪ್ಪ ಕೊಂಡ 6 ಎಕರೆ ಜಮೀನು, ಅಂದರೆ 240 ಗುಂಟೆ. ಉಯಿಲು ಇಲ್ಲ. ಮನೆಯಲ್ಲಿ ತಾಯಿ, ಒಬ್ಬ ಮಗ, ಮದುವೆಯಾದ ಮಗಳು ಇದ್ದಾರೆ. ಇನ್ನೊಬ್ಬ ಮಗ ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದಾನೆ, ಅವನ ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದಾರೆ.

ಇಲ್ಲಿ ನಾಲ್ಕು ಪಾಲು:
- ತಾಯಿಗೆ 60 ಗುಂಟೆ
- ಮಗನಿಗೆ 60 ಗುಂಟೆ
- ಮಗಳಿಗೆ 60 ಗುಂಟೆ
- ತೀರಿಕೊಂಡ ಮಗನ ಪಾಲು 60 ಗುಂಟೆ. ಅದರಲ್ಲಿ ಸೊಸೆಗೆ 20, ಇಬ್ಬರು ಮೊಮ್ಮಕ್ಕಳಿಗೆ ತಲಾ 20

ಅಜ್ಜಿ, ಅಂದರೆ ಅಪ್ಪನ ತಾಯಿ ಬದುಕಿದ್ದರೆ ಐದು ಪಾಲಾಗುತ್ತದೆ. ತಲಾ 48 ಗುಂಟೆ. ಆಗ ಸೊಸೆ ಮತ್ತು ಮೊಮ್ಮಕ್ಕಳಿಗೆ ತಲಾ 16. ಅಜ್ಜಿಯನ್ನು ಮರೆಯುವ ಕುಟುಂಬಗಳೇ ಹೆಚ್ಚು. ತಾತ ಬದುಕಿದ್ದರೆ ಅವರಿಗೆ ಇದರಲ್ಲಿ ಪಾಲಿಲ್ಲ. ಕಾಯ್ದೆಯ ಮೊದಲ ವರ್ಗದ ವಾರಸುದಾರರಲ್ಲಿ ತಾಯಿ ಇದ್ದಾರೆ, ತಂದೆ ಎರಡನೇ ವರ್ಗದಲ್ಲಿದ್ದಾರೆ.

ತಾಯಿಯ ಹೆಸರಿನ ಜಮೀನಾದರೆ, ಅವರು ಉಯಿಲು ಬರೆಯದೆ ತೀರಿಕೊಂಡಾಗ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮನಾಗಿ ಹೋಗುತ್ತದೆ.

ಪಿತ್ರಾರ್ಜಿತ ಆಸ್ತಿಯ ಲೆಕ್ಕ

ಇಲ್ಲಿ ಎರಡು ಹಂತ. ಅಪ್ಪ ತೀರುವ ಮುಂಚಿನ ಕ್ಷಣದಲ್ಲಿ ಭಾಗವಾಗಿತ್ತು ಎಂದು ಕಲ್ಪಿಸಿಕೊಂಡು ಮೊದಲು ಅಪ್ಪನ ಪಾಲು ತೆಗೆಯಬೇಕು. ಆಮೇಲೆ ಆ ಪಾಲನ್ನು ಮಾತ್ರ ವಾರಸುದಾರರಿಗೆ ಹಂಚಬೇಕು.

9 ಎಕರೆ ಪಿತ್ರಾರ್ಜಿತ ಜಮೀನು. ಅಪ್ಪ, ಅಮ್ಮ, ಒಬ್ಬ ಮಗ, ಒಬ್ಬ ಮಗಳು ಎಂದುಕೊಳ್ಳೋಣ. ಹುಟ್ಟಿನಿಂದ ಹಕ್ಕಿರುವವರು ಅಪ್ಪ, ಮಗ, ಮಗಳು. ತಲಾ 3 ಎಕರೆ. ಅಪ್ಪನ 3 ಎಕರೆ ಅಮ್ಮ, ಮಗ, ಮಗಳಿಗೆ ತಲಾ 1 ಎಕರೆ. ಒಟ್ಟಿನಲ್ಲಿ ಮಗನಿಗೆ 4, ಮಗಳಿಗೆ 4, ಅಮ್ಮನಿಗೆ 1 ಎಕರೆ. ಮುಂಬಯಿ ಪದ್ಧತಿಯ ಹಿಂದೂ ಕಾನೂನು ಅನ್ವಯಿಸುವ ಕಡೆ ಮೊದಲ ಹಂತದಲ್ಲೂ ಅಮ್ಮನಿಗೆ ಒಂದು ಪಾಲು ಸಿಗುತ್ತದೆ, ಆಗ ಅವರ ಒಟ್ಟು ಪಾಲು ಹೆಚ್ಚುತ್ತದೆ. ನಿಮ್ಮ ಜಿಲ್ಲೆಗೆ ಯಾವುದು ಅನ್ವಯ ಎಂದು ವಕೀಲರನ್ನು ಕೇಳಿ.

ಮಾತು 1: "1994ಕ್ಕೆ ಮುಂಚೆ ಮದುವೆಯಾದ ಮಗಳಿಗೆ ಪಾಲಿಲ್ಲ"

ಇದು ಹಳೆಯ ನಿಯಮ. ಕರ್ನಾಟಕ ಸರ್ಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಕೊಟ್ಟ ಆ ತಿದ್ದುಪಡಿ, ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಈ ಫಾರ್ವರ್ಡ್ ಹುಟ್ಟಿದ್ದು ಅಲ್ಲಿಂದ.

ಆದರೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನೇ ಇಟ್ಟಿಲ್ಲ. ಯಾವ ವರ್ಷ ಮದುವೆಯಾಗಿದ್ದರೂ ಮಗಳು ಮಗಳೇ.

ಮಾತು 2: "2005ಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ದರೆ ಮಗಳಿಗೆ ಹಕ್ಕಿಲ್ಲ"

ಇದಕ್ಕೂ ಒಂದು ತೀರ್ಪಿನ ಮೂಲವಿದೆ. 2015ರಲ್ಲಿ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರ ಸೆಪ್ಟೆಂಬರ್ 9ರಂದು ತಂದೆಯೂ ಮಗಳೂ ಬದುಕಿರಬೇಕು ಎಂದಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಮಗಳ ಹಕ್ಕು ಹುಟ್ಟಿನಿಂದ ಬರುತ್ತದೆ, ಆ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ ಎಂದಿತು. 2015ರ ತೀರ್ಪಿನ ಸುದ್ದಿ ತುಣುಕು ಇಂದಿಗೂ "ಹೊಸ ತೀರ್ಪು" ಎಂದು ತಿರುಗುತ್ತಿದ್ದರೆ ಅದನ್ನು ನಂಬಬೇಡಿ.

ಒಂದು ಮಿತಿ ನಿಜ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಭಾಗವಾಗಿದ್ದರೆ, ಅಥವಾ ಆಗಲೇ ಮಾರಾಟವಾಗಿದ್ದರೆ, ಅದನ್ನು ಈ ತಿದ್ದುಪಡಿ ಮತ್ತೆ ತೆರೆಯುವುದಿಲ್ಲ. "ಬಾಯಿಮಾತಿನಲ್ಲಿ ಆಗಲೇ ಭಾಗವಾಗಿತ್ತು" ಎಂದು ಈಗ ಹೇಳಿದರೆ ಮಾತ್ರ ಸಾಲದು. ಅದನ್ನು ಸಾರ್ವಜನಿಕ ದಾಖಲೆಗಳಿಂದ ಗಟ್ಟಿಯಾಗಿ ಸಾಬೀತುಪಡಿಸಬೇಕು.

ಮಾತು 3: "ಮದುವೆಗೆ ಖರ್ಚು ಮಾಡಿದ್ದೇವೆ, ಅದೇ ಅವಳ ಪಾಲು"

ಕಾನೂನಿನಲ್ಲಿ ಹೀಗೆ ವಜಾ ಮಾಡಿಕೊಳ್ಳಲು ಅವಕಾಶವಿಲ್ಲ. ಮದುವೆಯ ಖರ್ಚು, ಹಾಕಿದ ಚಿನ್ನ, ಕೊಟ್ಟ ವರದಕ್ಷಿಣೆ ಪಾಲಿಗೆ ಬದಲಿಯಾಗುವುದಿಲ್ಲ. ವರದಕ್ಷಿಣೆಯಂತೂ ಅಪರಾಧ. ಇದೇ ರೀತಿ, "ಕೊನೆಗಾಲದಲ್ಲಿ ಅಪ್ಪನನ್ನು ನೋಡಿಕೊಂಡದ್ದು ನಾನು" ಎಂಬ ಮಾತಿಗೆ ಮನೆಯಲ್ಲಿ ತೂಕವಿರಬಹುದು, ಎಲ್ಲರೂ ಒಪ್ಪಿ ಆ ಮಗನಿಗೋ ಮಗಳಿಗೋ ಹೆಚ್ಚು ಬಿಟ್ಟುಕೊಡಲೂಬಹುದು. ಆದರೆ ಅದು ಉಳಿದವರ ಒಪ್ಪಿಗೆಯಿಂದ ಆಗಬೇಕು, ಅವರ ಹಕ್ಕು ತಾನಾಗಿ ಕಡಿಮೆಯಾಗುವುದಿಲ್ಲ.

ಮಾತು 4: "ಪಹಣಿಯಲ್ಲಿ ಹೆಸರು ಬಂದರೆ ಅವರೇ ಮಾಲೀಕರು"

ತುಂಬ ಮಂದಿ ಮೋಸ ಹೋಗುವುದು ಇಲ್ಲೇ. ಅಪ್ಪ ತೀರಿಕೊಂಡ ಮೇಲೆ ಹಿರಿಯ ಮಗನ ಹೆಸರಿಗೆ ಪೌತಿ ಖಾತೆ ಮಾಡಿಸುವುದು ನಮ್ಮ ಹಳ್ಳಿಗಳಲ್ಲಿ ರೂಢಿ. ಕಂದಾಯ ಕಟ್ಟಲು, ಬೆಳೆ ಸಾಲಕ್ಕೆ ಅನುಕೂಲ ಎಂದು ಎಲ್ಲರೂ ಒಪ್ಪಿರುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಅದೇ ಪಹಣಿ ತೋರಿಸಿ "ಇದು ನನ್ನದು" ಎನ್ನುವುದೂ ಉಂಟು.

ಪಹಣಿ ಕಂದಾಯ ದಾಖಲೆ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 133ನೇ ಕಲಂ ಪ್ರಕಾರ ಅದರಲ್ಲಿರುವ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸಲಾಗುತ್ತದೆ, ಅಷ್ಟೇ. ಖಾತೆ ಬದಲಾವಣೆಯಿಂದ ಮಾಲೀಕತ್ವ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. 9ನೇ ಕಾಲಂನಲ್ಲಿ ಅಣ್ಣನ ಹೆಸರು ಮಾತ್ರ ಇದ್ದರೂ ಉಳಿದವರ ಪಾಲು ಉಳಿದೇ ಇರುತ್ತದೆ.

ಹಾಗಂತ ಸುಮ್ಮನಿರಬಾರದು. ಬ್ಯಾಂಕು ಸಾಲ ಕೊಡುವಾಗ, ಕೊಳ್ಳುವವರು ಮುಂಗಡ ಕೊಡುವಾಗ, ಬೆಳೆ ಪರಿಹಾರ ಅಥವಾ ಭೂಸ್ವಾಧೀನದ ಹಣ ಬರುವಾಗ ಮೊದಲು ನೋಡುವುದು ಪಹಣಿಯನ್ನೇ. ಹೆಸರಿಲ್ಲದವರು ಆಮೇಲೆ ಓಡಾಡಬೇಕಾಗುತ್ತದೆ.

ಮಾತು 5: "12 ವರ್ಷ ಕೇಳದಿದ್ದರೆ ಹಕ್ಕು ಹೋಯಿತು"

ಅರ್ಧ ಸತ್ಯ. ಒಟ್ಟು ಆಸ್ತಿಯನ್ನು ಒಬ್ಬ ಪಾಲುದಾರ ಉಳುತ್ತಿದ್ದರೆ ಅವನ ಸ್ವಾಧೀನ ಎಲ್ಲರ ಪರವಾಗಿ ಎಂದು ಕಾನೂನು ಭಾವಿಸುತ್ತದೆ. ಬರೀ ವರ್ಷಗಳು ಕಳೆದವು ಎಂಬ ಕಾರಣಕ್ಕೆ ತಂಗಿಯ ಹಕ್ಕು ಹೋಗುವುದಿಲ್ಲ. ಆದರೆ "ನಿನಗೆ ಇಲ್ಲಿ ಏನೂ ಇಲ್ಲ" ಎಂದು ಸ್ಪಷ್ಟವಾಗಿ ಹೊರಗಿಟ್ಟಿದ್ದು ಗೊತ್ತಾದ ಮೇಲೆ ಗಡಿಯಾರ ಓಡಲು ಶುರುವಾಗುತ್ತದೆ. ಕೂಡು ಕುಟುಂಬದ ಆಸ್ತಿಯಿಂದ ಹೊರಗಿಟ್ಟವರು ಅದು ತಿಳಿದ 12 ವರ್ಷದೊಳಗೆ ದಾವೆ ಹೂಡಬೇಕು. ಪಾಲು ಇಲ್ಲ ಎಂದು ಮುಖಕ್ಕೆ ಹೇಳಿದ್ದರೆ ಅಥವಾ ನೋಟಿಸಿಗೆ ಉತ್ತರದಲ್ಲಿ ಬರೆದಿದ್ದರೆ ಆ ದಿನಾಂಕ ಗುರುತು ಹಾಕಿಟ್ಟುಕೊಳ್ಳಿ.

ಮಾತು 6: "ಛಾಪಾ ಕಾಗದದಲ್ಲಿ ಸಹಿ ಹಾಕಿದ್ದಾಳೆ, ಮುಗಿಯಿತು"

ಸ್ಥಿರಾಸ್ತಿಯಲ್ಲಿನ ಹಕ್ಕನ್ನು ಬಿಟ್ಟುಕೊಡುವ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು. ನೋಟರಿ ಮುದ್ರೆ ಸಾಲದು. ಮನೆಯಲ್ಲಿ ಬರೆಸಿಕೊಂಡ ಕಾಗದದಿಂದ ಹಕ್ಕು ವರ್ಗಾವಣೆಯಾಗುವುದಿಲ್ಲ.

ಆದರೆ ನೋಂದಾಯಿತ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿದರೆ ವಿಷಯ ಬೇರೆ. ಅದನ್ನು ರದ್ದು ಮಾಡಿಸಲು ಮೋಸ ಅಥವಾ ಒತ್ತಾಯ ನಡೆದಿದೆ ಎಂದು ನ್ಯಾಯಾಲಯದಲ್ಲಿ ತೋರಿಸಬೇಕು, ಅದೂ ವಿಷಯ ಗೊತ್ತಾದ 3 ವರ್ಷದೊಳಗೆ. "ಪೌತಿ ಖಾತೆಗೆ ಸಹಿ ಬೇಕು" ಎಂದು ಕರೆದು ಖುಲಾಸೆ ಪತ್ರಕ್ಕೆ ಸಹಿ ಹಾಕಿಸುವ ಸಾಧ್ಯತೆ ಇರುತ್ತದೆ. ಪೌತಿ ಖಾತೆಯ ಕೆಲಸ ನಡೆಯುವುದು ನಾಡಕಚೇರಿ, ತಾಲ್ಲೂಕು ಕಚೇರಿಯಲ್ಲಿ. ಅದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದರೆ ಯಾಕೆ ಎಂದು ಕೇಳಿ.

ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಸಹಿ ಕೇಳಿದಾಗ ಬೇಡವೆನ್ನಲು ಎಷ್ಟೋ ಹೆಣ್ಣುಮಕ್ಕಳಿಗೆ ಬಾಯಿ ಬರುವುದಿಲ್ಲ. ಕೇಳಿದರೆ ತವರಿನ ದಾರಿ ಮುಚ್ಚೀತು ಎಂಬ ಭಯ ಸುಳ್ಳಲ್ಲ. ಪಾಲು ಬಿಟ್ಟುಕೊಡುವುದು ತಪ್ಪೂ ಅಲ್ಲ. ಆದರೆ ಏನನ್ನು, ಎಷ್ಟನ್ನು ಬಿಡುತ್ತಿದ್ದೇವೆ ಎಂದು ತಿಳಿದು ಬಿಡಬೇಕು. ಆ ದಿನವೇ ಸಹಿ ಹಾಕಬೇಕೆಂಬ ನಿಯಮ ಎಲ್ಲೂ ಇಲ್ಲ. "ಪತ್ರದ ಒಂದು ಪ್ರತಿ ಕೊಡಣ್ಣ, ಓದಿ ನೋಡಿ ಹೇಳ್ತೀನಿ" ಎನ್ನುವುದು ಜಗಳವಲ್ಲ.

ಮಾತು 7: "ಉಯಿಲು ಇದ್ದರೆ ಯಾರೂ ಏನೂ ಕೇಳುವಂತಿಲ್ಲ"

ಸ್ವಂತ ಆಸ್ತಿಯನ್ನು ಅಪ್ಪ ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಪಿತ್ರಾರ್ಜಿತದಲ್ಲಿ ತನ್ನ ಪಾಲಿಗೆ ಮಾತ್ರ ಬರೆಯಬಹುದು, ಮಕ್ಕಳ ಪಾಲಿಗಲ್ಲ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಆದರೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಅನುಮಾನವಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು, ಅದು ಸರಿಯೆಂದು ಸಾಬೀತುಪಡಿಸುವ ಹೊಣೆ ಉಯಿಲು ತಂದವರದು.

ಸೊಸೆ, ಎರಡನೇ ಮದುವೆ, ಚಿಕ್ಕ ಮಕ್ಕಳು

ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಬರುವುದು ಬರೀ ಜೀವನಾಂಶವಲ್ಲ, ಪೂರ್ತಿ ಮಾಲೀಕತ್ವದ ಪಾಲು. ಆಮೇಲೆ ಅವಳು ಮರುಮದುವೆಯಾದರೂ ಆಗಲೇ ಬಂದ ಪಾಲನ್ನು ಕಿತ್ತುಕೊಳ್ಳುವಂತಿಲ್ಲ.

ಮೊದಲ ಹೆಂಡತಿ ಇರುವಾಗಲೇ ಆದ ಎರಡನೇ ಮದುವೆ ಕಾನೂನಿನಲ್ಲಿ ಊರ್ಜಿತವಲ್ಲ, ಹಾಗಾಗಿ ಆ ಹೆಂಡತಿ ವಾರಸುದಾರಳಲ್ಲ. ಅವಳ ಮಕ್ಕಳು ಮಾತ್ರ ವಾರಸುದಾರರು. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್, ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿನಲ್ಲಿ ಅಂಥ ಮಕ್ಕಳಿಗೂ ಪಾಲಿದೆ ಎಂದಿದೆ.

18 ತುಂಬದ ಮಕ್ಕಳ ಪಾಲನ್ನು ಯಾರೂ ಸಹಿ ಹಾಕಿ ಬಿಟ್ಟುಕೊಡಲಾಗದು. ವಾರಸುದಾರಿಕೆಯಿಂದ ಅವರಿಗೆ ಬಂದ ಜಮೀನನ್ನು ಮಾರಲು ತಾಯಿಗೂ ನ್ಯಾಯಾಲಯದ ಅನುಮತಿ ಬೇಕು.

ಬೇರೆ ನಿಯಮ ಇರುವವರು

ಮೇಲಿನ ಲೆಕ್ಕ ಎಲ್ಲರಿಗೂ ಅಲ್ಲ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಮಕ್ಕಳಿರುವ ವಿಧವೆಗೆ ಎಂಟನೇ ಒಂದು ಪಾಲು, ಮಗನ ಪಾಲಿನ ಅರ್ಧ ಮಗಳಿಗೆ. ಕ್ರೈಸ್ತರಿಗೆ ಸಾಮಾನ್ಯವಾಗಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ವಿಧವೆಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಸಮನಾಗಿ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. ಕರಾವಳಿಯ ಅಳಿಯಸಂತಾನ ಪದ್ಧತಿಯ ಕುಟುಂಬಗಳಿಗೆ ಅದೇ ಕಾಯ್ದೆಯಲ್ಲಿ ಪ್ರತ್ಯೇಕ ಕಲಂಗಳಿವೆ.

ಹಾಗಾದರೆ ಮಾಡಬೇಕಾದದ್ದು ಏನು?

1. ಮರಣ ಪ್ರಮಾಣಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಿ. ತಡವಾದರೆ ಅಲೆದಾಟ ಹೆಚ್ಚು.

2. ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಗ್ರಾಮ ಆಡಳಿತ ಅಧಿಕಾರಿ ವಿಚಾರಿಸಿ ವರದಿ ಕೊಡುತ್ತಾರೆ. ಮದುವೆಯಾದ ಹೆಣ್ಣುಮಕ್ಕಳು, ತೀರಿಕೊಂಡ ಮಕ್ಕಳ ಕುಟುಂಬ, ಎಲ್ಲರ ಹೆಸರೂ ಇದೆಯೇ ಎಂದು ನೋಡಿ. ಹೆಸರು ಬಿಟ್ಟುಹೋಗುವುದು ಶುರುವಾಗುವುದೇ ಈ ಕಾಗದದಿಂದ.

3. ದಾಖಲೆ ಪರಿಶೀಲನೆ. ಪಹಣಿ, ಮ್ಯುಟೇಶನ್ ಪ್ರತಿ, ಋಣಭಾರ ಪತ್ರ ತೆಗೆಸಿ. ಪಹಣಿಯ 11ನೇ ಕಾಲಂನಲ್ಲಿ ಸಾಲ ಇದೆಯೇ ನೋಡಿ. ಅಪ್ಪನ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವರಿಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ.

4. ಪೌತಿ ಖಾತೆ. ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಮಾಡಿಸಿ. ಒಬ್ಬರ ಹೆಸರಿಗೆ ಮಾತ್ರ ಅರ್ಜಿ ಹೋಗಿದೆ ಎಂದು ತಿಳಿದರೆ ನೋಟಿಸ್ ಅವಧಿಯೊಳಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಆದೇಶ ಆಗಿಹೋಗಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

5. ವಿಭಾಗ ಪತ್ರ. ಎಲ್ಲರೂ ಒಪ್ಪಿದರೆ ಭೂಮಾಪಕರಿಂದ 11ಇ ನಕ್ಷೆ ಮಾಡಿಸಿ, ವಿಭಾಗ ಪತ್ರ ಬರೆಸಿ ನೋಂದಾಯಿಸಿ. ಬೋರ್‌ವೆಲ್, ಬಾವಿ, ಬಂಡಿದಾರಿ, ತೆಂಗಿನ ಮರ ಯಾರಿಗೆ ಎಂದು ಪತ್ರದಲ್ಲೇ ಬರೆಯಿಸಿ. ಎಕರೆ ಸಮನಾಗಿ ಹಂಚಿ ನೀರು, ದಾರಿಯನ್ನು ಮರೆತರೆ ಜಗಳ ಮತ್ತೆ ಹುಟ್ಟುತ್ತದೆ. ಕುಟುಂಬದೊಳಗಿನ ವಿಭಾಗಕ್ಕೆ ಕ್ರಯಪತ್ರದಷ್ಟು ಮುದ್ರಾಂಕ ಶುಲ್ಕವಿಲ್ಲ. ಈಗಿನ ದರವನ್ನು ಕಚೇರಿಯಲ್ಲೇ ಕೇಳಿ.

6. ಒಪ್ಪದಿದ್ದರೆ. ಯಾವ ಪಾಲುದಾರರೂ ಸಿವಿಲ್ ನ್ಯಾಯಾಲಯದಲ್ಲಿ ಪಾಲು ದಾವೆ ಹೂಡಬಹುದು. ದಾವೆ ನಡೆಯುತ್ತಿರುವಾಗ ಒಬ್ಬರು ಮಾರಿದರೆ ಕೊಂಡವರೂ ತೀರ್ಪಿಗೆ ಬದ್ಧರು. ದಾವೆಗೆ ಮೊದಲೇ ಯಾರಾದರೂ ಮಾರಿದ್ದರೂ ಅವರ ಸ್ವಂತ ಪಾಲು ಮಾತ್ರ ಹೋಗುತ್ತದೆ. ಅಪ್ಪನಿಂದ ಒಟ್ಟಿಗೆ ಬಂದ ಜಮೀನಿನಲ್ಲಿ ಒಬ್ಬ ವಾರಸುದಾರ ತನ್ನ ಪಾಲನ್ನು ಮಾರಲು ಹೊರಟರೆ, ಅದನ್ನು ಮೊದಲು ಕೊಳ್ಳುವ ಹಕ್ಕು ಉಳಿದವರಿಗಿದೆ.

ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಅಣ್ಣ ತಮ್ಮ ಅಕ್ಕ ತಂಗಿಯರನ್ನು ಕೂರಿಸಿ ರಾಜಿ ಮಾಡಿಸುವ ವ್ಯವಸ್ಥೆಯೂ ಅಲ್ಲಿದೆ.

ಮುಂದಿನ ಸಲ ಇಂಥ ಫಾರ್ವರ್ಡ್ ಬಂದಾಗ

ಮೂರು ಪ್ರಶ್ನೆ ಕೇಳಿ. ತೀರ್ಪು ಯಾವ ವರ್ಷದ್ದು? ಸ್ವಂತ ಆಸ್ತಿಯ ಬಗ್ಗೆಯೋ, ಪಿತ್ರಾರ್ಜಿತದ ಬಗ್ಗೆಯೋ? ಯಾವ ರಾಜ್ಯದ, ಯಾವ ಕಾನೂನಿನ ಪ್ರಕರಣ? ಈ ಮೂರಕ್ಕೂ ಉತ್ತರವಿಲ್ಲದ ಸಂದೇಶವನ್ನು ಮುಂದೆ ಕಳಿಸಬೇಡಿ. ಅದನ್ನು ಓದಿದ ಯಾರೋ ಒಬ್ಬರು ತಮ್ಮದಾಗಿದ್ದ ಅರ್ಧ ಎಕರೆಗೆ ಸಹಿ ಹಾಕಿಬಿಟ್ಟಾರು.

ಅದರ ಬದಲು ಇದನ್ನು ಕಳಿಸಬಹುದು: "ಮದುವೆಯಾದ ಮಗಳಿಗೂ ಅಪ್ಪನ ಜಮೀನಿನಲ್ಲಿ ಮಗನಷ್ಟೇ ಹಕ್ಕಿದೆ. ಅಮ್ಮನಿಗೂ ಪಾಲಿದೆ. ಪಹಣಿಯಲ್ಲಿ ಹೆಸರಿಲ್ಲ ಎಂದರೆ ಹಕ್ಕಿಲ್ಲ ಎಂದಲ್ಲ. ಓದದೆ ಯಾವುದಕ್ಕೂ ಸಹಿ ಹಾಕಬೇಡಿ. ಉಚಿತ ಕಾನೂನು ನೆರವಿಗೆ 15100."